ಮದುವೆ ಮುರಿದ ಮೇಲೆ ಮನೆ ಯಾರದು?

ವಿಚ್ಛೇದನಕ್ಕೆಂದು ವಕೀಲರ ಕಚೇರಿಯ ಮೆಟ್ಟಿಲು ಹತ್ತಿದವರ ಬಾಯಲ್ಲಿ ಬೇಗನೆ ಬರುವ ಪ್ರಶ್ನೆ ಇದು: ‘ಆಸ್ತಿಯಲ್ಲಿ ಅರ್ಧ ಬರುತ್ತೆ ಅಲ್ವಾ ಸಾರ್?’ ಹೆಂಡತಿ ಆಸೆಯಿಂದ ಕೇಳುತ್ತಾಳೆ, ಗಂಡ ಹೆದರಿ ಕೇಳುತ್ತಾನೆ. ಅಮೆರಿಕದ ಸಿರಿವಂತರ ಡೈವೋರ್ಸ್ ಸುದ್ದಿಗಳನ್ನು ಓದಿ ಓದಿ ಇಬ್ಬರ ತಲೆಯಲ್ಲೂ ಈ ಅರ್ಧದ ಲೆಕ್ಕ ಕೂತುಬಿಟ್ಟಿದೆ. ಕರ್ನಾಟಕದ ಯಾವ ಕೋರ್ಟಿನಲ್ಲೂ ಅದು ನಡೆಯುವುದಿಲ್ಲ.

ನಮ್ಮ ಕಾನೂನು ಮದುವೆಯನ್ನು ಹೇಗೆ ಬಿಡಿಸಬೇಕು ಎಂದು ವಿವರವಾಗಿ ಹೇಳಿದೆ. ಮಗು ಯಾರ ಬಳಿ ಇರಬೇಕು ಎಂಬುದಕ್ಕೂ ಒಂದು ಗಟ್ಟಿ ಸೂತ್ರ ಇಟ್ಟಿದೆ. ಆದರೆ ಹದಿನೈದು ವರ್ಷ ಇಬ್ಬರೂ ಸೇರಿ ಕಟ್ಟಿದ ಮನೆ ಯಾರದು ಎಂದು ಕೇಳಿದರೆ, ಕ್ರಯಪತ್ರದಲ್ಲಿ ಯಾರ ಹೆಸರಿದೆ ನೋಡಿ ಎನ್ನುತ್ತದೆ. ಕೋರ್ಟಿಗೆ ಹೋಗುವ ಮೊದಲೇ ಈ ಮೂರರ ನಡುವಿನ ಅಂತರ ಗೊತ್ತಿದ್ದರೆ ಎಷ್ಟೋ ಸಂಸಾರಗಳ ಎಷ್ಟೋ ವರ್ಷಗಳು ಉಳಿಯುತ್ತವೆ.

ಬೆಂಗಳೂರಿನಲ್ಲಿ ಈ ಕೇಸುಗಳು ನಡೆಯುವುದು ಎಚ್. ಸಿದ್ದಯ್ಯ ರಸ್ತೆಯ ‘ನ್ಯಾಯ ದೇಗುಲ’ ಕಟ್ಟಡದಲ್ಲಿ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯಡಿ ಹುಟ್ಟಿದ ಕೋರ್ಟುಗಳು ಇವು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರದಲ್ಲಿ ಇಂಥ ಕೋರ್ಟು ಇರಲೇಬೇಕು ಎನ್ನುತ್ತದೆ ಆ ಕಾಯ್ದೆ. ಕೌಟುಂಬಿಕ ನ್ಯಾಯಾಲಯ ಇಲ್ಲದ ತಾಲ್ಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಇವನ್ನು ನೋಡುತ್ತಾರೆ. ಅರ್ಜಿಗೆ ‘ಎಂ.ಸಿ.’ ಎಂದು ಆರಂಭವಾಗುವ ನಂಬರು ಬೀಳುತ್ತದೆ. ಆಮೇಲೆ ಆ ದಂಪತಿಯ ಬದುಕು ಆ ನಂಬರಿನ ಹೆಸರಿನಲ್ಲೇ ವಾಯಿದೆಯಿಂದ ವಾಯಿದೆಗೆ ಸಾಗುತ್ತದೆ.

ಸಾಮಾನ್ಯ ಸಿವಿಲ್ ಕೋರ್ಟಿಗೂ ಇದಕ್ಕೂ ಕೆಲವು ಮುಖ್ಯ ವ್ಯತ್ಯಾಸಗಳಿವೆ. ಇಲ್ಲಿ ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸಲೇಬೇಕು. ದಂಪತಿಯಲ್ಲಿ ಒಬ್ಬರು ಕೇಳಿದರೂ ವಿಚಾರಣೆ ಬಾಗಿಲು ಮುಚ್ಚಿ ನಡೆಯಬೇಕು. ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ಆದರೂ ಬಹುತೇಕ ಕೇಸುಗಳಲ್ಲಿ ವಕೀಲರು ಇದ್ದೇ ಇರುತ್ತಾರೆ. ಸಾಕ್ಷ್ಯದ ನಿಯಮಗಳೂ ಸಡಿಲ: ವಿವಾದ ಬಿಡಿಸಲು ನೆರವಾಗುತ್ತದೆ ಎನಿಸಿದ ಯಾವ ದಾಖಲೆಯನ್ನಾದರೂ ನ್ಯಾಯಾಧೀಶರು ನೋಡಬಹುದು. ಗಂಡ ಹೆಂಡತಿ ಪರಸ್ಪರ ಗೊತ್ತಾಗದಂತೆ ಮಾಡಿಕೊಂಡ ಫೋನ್ ರೆಕಾರ್ಡಿಂಗ್ ಕೂಡ ಇಂಥ ಕೇಸಿನಲ್ಲಿ ಸಾಕ್ಷ್ಯವಾಗಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಸಿಟ್ಟಿನಲ್ಲಿ ಕಳಿಸಿದ ವಾಟ್ಸ್ಆ್ಯಪ್ ಸಂದೇಶಗಳ ಕಟ್ಟು ಪಾಟೀ ಸವಾಲಿನ ವೇಳೆ ಒಂದೊಂದಾಗಿ ಹೊರಬರುವುದು ಈಗ ಮಾಮೂಲು.

ಹಳ್ಳಿಗಳಲ್ಲಿ ಇವತ್ತಿಗೂ ಊರ ಹಿರಿಯರನ್ನು ಕೂರಿಸಿ, ಛಾಪಾ ಕಾಗದದ ಮೇಲೆ ‘ಇನ್ನು ನಮಗೂ ಇವರಿಗೂ ಸಂಬಂಧವಿಲ್ಲ’ ಎಂದು ಬರೆಸಿ, ನೋಟರಿ ಸೀಲು ಹಾಕಿಸಿ ಮನೆಗೆ ಹೋಗುವವರಿದ್ದಾರೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಸೋಡಚೀಟಿ ಎನ್ನುತ್ತಾರೆ. ಆ ಕಾಗದ ವಿಚ್ಛೇದನವಲ್ಲ. ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ಇಂಥ ಪದ್ಧತಿ ನಡೆದುಬಂದಿದೆ ಎಂದು ಸಾಕ್ಷಿ ಸಮೇತ ಸಾಬೀತು ಮಾಡಿದವರಿಗೆ ಮಾತ್ರ 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರಕ್ಷಣೆ ಕೊಡುತ್ತದೆ. ಉಳಿದವರ ಮೊದಲ ಮದುವೆ ಕಾನೂನಿನ ಕಣ್ಣಲ್ಲಿ ಹಾಗೇ ಇರುತ್ತದೆ, ಎರಡನೆಯದು ಅಸಿಂಧುವಾಗುತ್ತದೆ. ಇದರ ಪೆಟ್ಟು ಬೀಳುವುದು ವರ್ಷಗಳ ನಂತರ. ಗಂಡ ತೀರಿಕೊಂಡು ಪಿಂಚಣಿಗೋ ಖಾತೆ ಬದಲಾವಣೆಗೋ ಅರ್ಜಿ ಹಾಕಿದಾಗ, ಎರಡನೇ ಹೆಂಡತಿಯ ಕೈಯಲ್ಲಿ ತಾನು ಹೆಂಡತಿ ಎನ್ನಲು ಒಂದು ಕಾಗದವೂ ಇರುವುದಿಲ್ಲ.

ಕೋರ್ಟಿನ ವಿಚ್ಛೇದನಕ್ಕೆ ದಾರಿ ಎರಡು. ಇಬ್ಬರೂ ಒಪ್ಪಿದರೆ 13ಬಿ ಕಲಂ. ಒಂದು ವರ್ಷ ಬೇರೆ ಇದ್ದು ಜಂಟಿ ಅರ್ಜಿ ಹಾಕಬೇಕು. ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ, ಮತ್ತೆ ಬಂದು ನಮ್ಮ ನಿರ್ಧಾರ ಅದೇ ಎನ್ನಬೇಕು. ಈ ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ರಾಜಿಯ ದಾರಿಗಳೆಲ್ಲ ಮುಗಿದು ಮಕ್ಕಳು ಮತ್ತು ಜೀವನಾಂಶದ ಮಾತು ಇತ್ಯರ್ಥವಾಗಿದ್ದರೆ ಕೋರ್ಟು ಅದನ್ನು ಕೈಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಒಂದು ಎಚ್ಚರಿಕೆ: ಡಿಕ್ರಿ ಆಗುವ ಮುನ್ನ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂತೆಗೆದುಕೊಂಡರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ವಕೀಲರು ಪೂರ್ತಿ ಹಣವನ್ನು ಮೊದಲೇ ಕೈಗೆ ಕೊಡಿಸದೆ, ಅರ್ಧ ಮೊದಲ ಹೇಳಿಕೆಯ ದಿನ, ಉಳಿದರ್ಧ ಕೊನೆಯ ದಿನ ಡಿ.ಡಿ. ಮೂಲಕ ಎಂದು ಬರೆಸುವುದು.

ಒಬ್ಬರು ಒಪ್ಪದಿದ್ದರೆ 13ನೇ ಕಲಂ. ಕ್ರೌರ್ಯ, ಎರಡು ವರ್ಷ ತೊರೆದು ಹೋಗಿರುವುದು, ವ್ಯಭಿಚಾರ, ಮತಾಂತರ ಇತ್ಯಾದಿ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು. ನೋಟಿಸು, ಆಕ್ಷೇಪಣೆ, ಮಧ್ಯಸ್ಥಿಕೆ, ಪ್ರಮಾಣಪತ್ರದ ಮೂಲಕ ಮುಖ್ಯ ಸಾಕ್ಷ್ಯ, ಪಾಟೀ ಸವಾಲು, ವಾದ, ತೀರ್ಪು: ಇದು ಹಾದಿ. ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲೇ ಬರೆದಿದ್ದರೂ, ಜಿದ್ದಿಗೆ ಬಿದ್ದ ಕೇಸು ವರ್ಷಗಟ್ಟಲೆ ಎಳೆಯುತ್ತದೆ. ‘ನಮ್ಮ ಮದುವೆಯಲ್ಲಿ ಏನೂ ಉಳಿದಿಲ್ಲ’ ಎನ್ನುವುದಷ್ಟೇ ಇಲ್ಲಿ ಕಾರಣವಾಗುವುದಿಲ್ಲ. ಆ ಕಾರಣದ ಮೇಲೆ ಮದುವೆ ಬಿಡಿಸುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ತನಗಿದೆ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಮೇ 1ರಂದು ಹೇಳಿತು. ಆದರೆ ಆ ಅಧಿಕಾರ ಕೆಳಗಿನ ಕೋರ್ಟಿಗೆ ಇಲ್ಲ.

ಮುಸ್ಲಿಮರಿಗೆ, ಕ್ರೈಸ್ತರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಕಾಯ್ದೆಗಳು ಬೇರೆ. ಕೋರ್ಟು ಮಾತ್ರ ಅದೇ.

ಕೇಸು ನಡೆಯುತ್ತಿರುವಾಗ ಮನೆ ನಡೆಯಬೇಕಲ್ಲ. ಅದಕ್ಕೆ ಮಧ್ಯಂತರ ಜೀವನಾಂಶ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂನಲ್ಲಿ ಆದಾಯವಿಲ್ಲದ ಗಂಡನೂ ಇದನ್ನು ಕೇಳಬಹುದು. ವಾಸ್ತವದಲ್ಲಿ ಕೇಳುವವರು ಬಹುಪಾಲು ಹೆಂಡತಿಯರೇ. ಹಿಂದೆ ಇಲ್ಲಿ ದೊಡ್ಡ ತೊಡಕಿತ್ತು. ಹೆಂಡತಿ ಗಂಡನ ಸಂಬಳ ಎರಡು ಲಕ್ಷ ಎನ್ನುವಳು, ಗಂಡ ಕೆಲಸವೇ ಹೋಗಿದೆ ಎನ್ನುವನು, ನ್ಯಾಯಾಧೀಶರು ನಡುವೆ ಒಂದು ಅಂಕಿ ಊಹಿಸುವರು. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಇದಕ್ಕೊಂದು ಕ್ರಮ ತಂದಿತು. ಈಗ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯ, ಖರ್ಚುಗಳ ಪೂರ್ತಿ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು: ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಖಾತೆ, ಇಎಂಐ, ವಿಮೆ, ಚಿನ್ನ, ನಿವೇಶನ ಎಲ್ಲ. ಜೀವನಾಂಶವೂ ಆದೇಶವಾದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಕೇಸು ಎಳೆದಷ್ಟೂ ಲಾಭ ಎಂದು ಕೂತವರಿಗೆ ಇದು ದೊಡ್ಡ ತಡೆ. ಸುಳ್ಳು ವಿವರ ಬರೆದರೆ ಅದೇ ಒಂದು ಅಪರಾಧ.

ಇನ್ನು ಮಗು.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆಯ 13ನೇ ಕಲಂ ಇನ್ನೂ ದೊಡ್ಡ ಮಾತು ಹೇಳುತ್ತದೆ: ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ತಂದೆಗೆ ಸಂಬಳ ಜಾಸ್ತಿ ಎಂದೋ, ತಾಯಿ ಹೆತ್ತವಳೆಂದೋ, ಡಿಕ್ರಿ ಯಾರ ಪರ ಆಗಿದೆ ಎಂದೋ ಮಗುವಿನ ತೀರ್ಮಾನವಾಗುವುದಿಲ್ಲ. ಶಾಲೆ ಎಲ್ಲಿ, ಇಷ್ಟು ದಿನ ಯಾರು ನೋಡಿಕೊಂಡರು, ಸಂಜೆ ಮನೆಯಲ್ಲಿ ಯಾರಿರುತ್ತಾರೆ, ಅಜ್ಜಿ ತಾತನ ಆಸರೆ ಯಾವ ಕಡೆ ಇದೆ ಎಂದೆಲ್ಲ ನೋಡುತ್ತಾರೆ. ತಿಳಿವಳಿಕೆ ಬಂದ ಮಗುವಾದರೆ ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆಸಿಕೊಂಡು, ಅಪ್ಪ ಅಮ್ಮ ಇಬ್ಬರನ್ನೂ ಹೊರಗಿಟ್ಟು, ಮಾತಾಡಿಸುತ್ತಾರೆ. ರಾತ್ರಿಯೆಲ್ಲ ಹೇಳಿಕೊಟ್ಟ ಪಾಠ ಒಪ್ಪಿಸುವ ಮಗುವನ್ನು ಅನುಭವವಿರುವ ನ್ಯಾಯಾಧೀಶರು ಎರಡು ಮಾತಿನಲ್ಲೇ ಗುರುತಿಸುತ್ತಾರೆ. ಮಕ್ಕಳಿಗೆ ಹಾಗೆ ಪಾಠ ಹೇಳಿಕೊಡುವ ತಂದೆ ತಾಯಿಯರು ತಾವು ಮಾಡುತ್ತಿರುವ ಗಾಯ ಎಂಥದು ಎಂದು ಒಂದು ಕ್ಷಣ ಯೋಚಿಸಬೇಕು.

ಕರ್ನಾಟಕ ಹೈಕೋರ್ಟಿನ 2013ರ ಒಂದು ತೀರ್ಪು ಇಲ್ಲಿ ನೆನೆಯುವಂಥದ್ದು. ಗಂಡುಮಗನೊಬ್ಬನಿಗಾಗಿ ತಂದೆ ತಾಯಿ ಇಬ್ಬರೂ ಹಟ ಹಿಡಿದಿದ್ದ ಪ್ರಕರಣ. ವಿಭಾಗೀಯ ಪೀಠ ವರ್ಷವನ್ನೇ ಎರಡು ಭಾಗ ಮಾಡಿತು: ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ. ಜಂಟಿ ಪಾಲನೆಯ ಮಾತು ಬಂದಾಗಲೆಲ್ಲ ಈ ತೀರ್ಪಿನ ಉಲ್ಲೇಖ ಬರುತ್ತದೆ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಕಾನೂನಿನಲ್ಲೇ ಜಾಗ ಕೊಡಿ ಎಂದು ಶಿಫಾರಸು ಮಾಡಿತು. ಸಂಸತ್ತು ಇನ್ನೂ ಅದನ್ನು ಕಾಯ್ದೆಯಾಗಿಸಿಲ್ಲ.

ಸಾಮಾನ್ಯವಾಗಿ ಆಗುವುದು ಬೇರೆ: ಮಗು ಒಬ್ಬರ ಬಳಿ, ಭೇಟಿಯ ಹಕ್ಕು ಇನ್ನೊಬ್ಬರಿಗೆ. ಈ ಭೇಟಿಯ ಷರತ್ತುಗಳನ್ನು ಬರೆಯುವಾಗ ಎಷ್ಟು ಸಣ್ಣದಕ್ಕೆ ಇಳಿದರೆ ಅಷ್ಟು ಒಳ್ಳೆಯದು. ಶನಿವಾರ ಎಷ್ಟು ಗಂಟೆಗೆ ಕರೆದುಕೊಂಡು ಹೋಗಬೇಕು, ಭಾನುವಾರ ಸಂಜೆ ಎಲ್ಲಿಗೆ ತಂದು ಬಿಡಬೇಕು, ದಸರಾ ರಜೆ ಮತ್ತು ಬೇಸಿಗೆ ರಜೆಯಲ್ಲಿ ಯಾರ ಪಾಲು ಮೊದಲು, ಹುಟ್ಟುಹಬ್ಬದ ದಿನ ಯಾರ ಮನೆ, ವಿಡಿಯೊ ಕಾಲ್ ಎಷ್ಟು ಹೊತ್ತಿಗೆ, ಪಾಸ್‌ಪೋರ್ಟ್ ಯಾರ ಬಳಿ, ಶಾಲೆ ಬದಲಿಸಬೇಕಾದರೆ ಟಿ.ಸಿ.ಗೆ ಯಾರ ಸಹಿ. ‘ಅನುಕೂಲವಾದಾಗ ಭೇಟಿ ಮಾಡಬಹುದು’ ಎಂದು ಬರೆದ ಒಪ್ಪಂದ ಮೊದಲ ಜಗಳಕ್ಕೇ ಮುರಿಯುತ್ತದೆ. ಪಾಲನೆಯ ಆದೇಶ ಎಂದೂ ಕೊನೆಯದಲ್ಲ ಎನ್ನುವುದೂ ನೆನಪಿರಲಿ. ಪರಿಸ್ಥಿತಿ ಬದಲಾದರೆ ಅದೇ ಕೋರ್ಟಿಗೆ ಬಂದು ಬದಲಾವಣೆ ಕೇಳಬಹುದು.

ಈಗ ಮನೆಯ ಮಾತು. ಲೇಖನದ ತಲೆಬರಹದ ಪ್ರಶ್ನೆಗೆ ಉತ್ತರ ಕಹಿಯಾಗಿದೆ.

ಭಾರತದ ಬಹುಭಾಗದಲ್ಲಿ ಗಂಡ ಹೆಂಡತಿಯ ಆಸ್ತಿ ಬೇರೆ ಬೇರೆ. ಮದುವೆಯಾದ ಮಾತ್ರಕ್ಕೆ ಗಂಡನ ಹೆಸರಿನ ಸೈಟಿನಲ್ಲಿ ಹೆಂಡತಿಗಾಗಲಿ, ಹೆಂಡತಿಯ ಹೆಸರಿನ ಫ್ಲ್ಯಾಟಿನಲ್ಲಿ ಗಂಡನಿಗಾಗಲಿ ಪಾಲು ಹುಟ್ಟುವುದಿಲ್ಲ. ಗಂಡ ತೀರಿಕೊಂಡರೆ ಹೆಂಡತಿ ಮೊದಲ ಸಾಲಿನ ವಾರಸುದಾರಳು. ವಿಚ್ಛೇದನವಾದ ದಿನ ಆ ಸ್ಥಾನವೂ ಹೋಗುತ್ತದೆ. ಮಕ್ಕಳ ಸ್ಥಾನ ಹೋಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಇರುವ ಹಕ್ಕು ಅಪ್ಪ ಅಮ್ಮ ಬೇರೆಯಾದರೂ ಹಾಗೇ ಇರುತ್ತದೆ, ತಾಯಿ ಅವರ ಪರವಾಗಿ ಪಾಲು ಕೇಳಿ ದಾವೆ ಹೂಡಬಹುದು.

ಹಿಂದೂ ವಿವಾಹ ಕಾಯ್ದೆಯಲ್ಲಿ ಆಸ್ತಿಯ ಹೆಸರೆತ್ತುವ ಕಲಂ ಒಂದಿದೆ, 27ನೆಯದು. ಅದು ಮುಟ್ಟುವುದು ಮದುವೆಯ ಸಮಯದಲ್ಲಿ ಬಂದ, ಇಬ್ಬರಿಗೂ ಸೇರಿದ ವಸ್ತುಗಳನ್ನು ಮಾತ್ರ. ಮಂಚ, ಬೀರು, ಪಾತ್ರೆ, ಗಾಡಿ. ಮದುವೆಯಾಗಿ ಎಂಟು ವರ್ಷದ ಮೇಲೆ ಕೊಂಡ ಬಿಡಿಎ ಸೈಟು ಅದರ ಕೈಗೆ ಸಿಗುವುದಿಲ್ಲ. ಇಬ್ಬರ ಹೆಸರಲ್ಲೂ ಇರುವ ಆಸ್ತಿಯ ವಿವಾದವನ್ನು ಕೌಟುಂಬಿಕ ನ್ಯಾಯಾಲಯ ವಿಚಾರಣೆ ಮಾಡಬಹುದು, ಆದರೆ ಅಲ್ಲೂ ಕೇಳುವುದು ಯಾರು ಎಷ್ಟು ಹಣ ಹಾಕಿದರು, ದಾಖಲೆ ಎಲ್ಲಿ ಎಂದು. ಗಂಡನ ಸಂಬಳದಲ್ಲಿ ಗೃಹಸಾಲದ ಕಂತು ಕಟ್ಟಿ, ಹೆಂಡತಿಯ ಸಂಬಳದಲ್ಲಿ ಶಾಲೆಯ ಶುಲ್ಕ, ದಿನಸಿ, ಅತ್ತೆಯ ಔಷಧಿ ನಡೆಸಿದ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಹತ್ತು ವರ್ಷದ ಮೇಲೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದರೆ ಮನೆ ಕಟ್ಟಿದವನು ಗಂಡ ಒಬ್ಬನೇ ಎಂದು ಕಾಣುತ್ತದೆ. ಹೆಂಡತಿಯ ಹಣ ಊಟವಾಗಿ, ಓದಾಗಿ ಕರಗಿರುತ್ತದೆ. ಇದು ಅನ್ಯಾಯ ಎಂದು ಬಾಯಿಬಿಟ್ಟು ಹೇಳಲೇಬೇಕು.

ಸಂಬಳವೇ ಇಲ್ಲದ ಗೃಹಿಣಿಯ ಸ್ಥಿತಿ ಇನ್ನೂ ಕಷ್ಟ. ಈ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ 2023ರ ಜೂನ್‌ನಲ್ಲಿ ಕೊಟ್ಟ ತೀರ್ಪು ಬೆಳಕಿನ ಕಿಂಡಿಯಂತಿದೆ. ಗಂಡ ಸೌದಿ ಅರೇಬಿಯಾದಲ್ಲಿ ದುಡಿದು ಹಣ ಕಳಿಸುತ್ತಿದ್ದ, ಹೆಂಡತಿ ಊರಲ್ಲಿ ಮಕ್ಕಳನ್ನು ಸಾಕಿ, ಆ ಹಣದಲ್ಲಿ ಆಸ್ತಿ ಕೊಂಡಿದ್ದಳು. ಜಗಳ ಬಂದಾಗ ಎಲ್ಲ ತನ್ನ ದುಡಿಮೆ ಎಂದ ಗಂಡ. ಹೆಂಡತಿ ಮನೆ ನೋಡಿಕೊಂಡಿದ್ದರಿಂದಲೇ ಅವನು ದುಡಿಯಲು ಸಾಧ್ಯವಾಯಿತು, ಅದೂ ಆಸ್ತಿಗೆ ಅವಳು ಕೊಟ್ಟ ಕೊಡುಗೆ ಎಂದು ಕೋರ್ಟು ಸಮಪಾಲು ಒಪ್ಪಿತು. ಮದ್ರಾಸಿನ ಈ ತೀರ್ಪಿಗೆ ನಮ್ಮ ಕೋರ್ಟುಗಳು ಬದ್ಧವಲ್ಲ. ವಾದದಲ್ಲಿ ಎತ್ತಿ ತೋರಿಸಬಹುದು, ಅಷ್ಟೇ.

ನಮ್ಮ ಪಕ್ಕದ ಗೋವಾದಲ್ಲಿ ಮಾತ್ರ ಪದ್ಧತಿಯೇ ಬೇರೆ. 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆ ಅಲ್ಲಿ ಇನ್ನೂ ಉಳಿದಿದ್ದು, ಬೇರೆ ಒಪ್ಪಂದ ಮಾಡಿಕೊಳ್ಳದ ದಂಪತಿಯ ಆಸ್ತಿ ಇಬ್ಬರದೂ ಆಗುತ್ತದೆ, ಬೇರೆಯಾದಾಗ ಅರ್ಧರ್ಧ. ದೇಶದ ಉಳಿದ ಭಾಗಕ್ಕೂ ಇಂಥದ್ದೊಂದು ತರಲು ಒಮ್ಮೆ ಪ್ರಯತ್ನ ನಡೆದಿತ್ತು. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ವಿವಾಹ ಕಾನೂನು ತಿದ್ದುಪಡಿ ಮಸೂದೆ 2013ರ ಆಗಸ್ಟ್‌ನಲ್ಲಿ ರಾಜ್ಯಸಭೆಯಲ್ಲಿ ಪಾಸಾಯಿತು. ಲೋಕಸಭೆಯ ಅವಧಿ 2014ರಲ್ಲಿ ಮುಗಿದಾಗ ಅದೂ ಬಿದ್ದುಹೋಯಿತು.

ಹಾಗಾದರೆ ಹೆಂಡತಿಯ ಕೈಯಲ್ಲಿ ಏನುಳಿಯುತ್ತದೆ? ಮೊದಲನೆಯದು ಸ್ತ್ರೀಧನ. ತವರಿನವರು, ನೆಂಟರು, ಗಂಡನ ಮನೆಯವರು ಅವಳಿಗೆಂದು ಕೊಟ್ಟ ಒಡವೆ, ಹಣ, ಸೀರೆ ಎಲ್ಲ ಅವಳದ್ದೇ, ಬೇರೆ ಯಾರಿಗೂ ಅದರಲ್ಲಿ ಹಕ್ಕಿಲ್ಲ. ಕೇರಳದಲ್ಲಿ 2003ರಲ್ಲಿ ಮದುವೆಯಾದ ಒಬ್ಬ ಮಹಿಳೆಗೆ ತವರಿನವರು 89 ಪವನ್ ಚಿನ್ನ ಹಾಕಿದ್ದರು. ಮೊದಲ ರಾತ್ರಿಯೇ ಗಂಡ ಅದನ್ನು ಜೋಪಾನವಾಗಿಡುವ ನೆಪದಲ್ಲಿ ತೆಗೆದುಕೊಂಡು ತನ್ನ ತಾಯಿಗೆ ಕೊಟ್ಟ ಎನ್ನುವುದು ಆಕೆಯ ದೂರು. ಕೌಟುಂಬಿಕ ನ್ಯಾಯಾಲಯ ಆಕೆಯ ಪರ ನಿಂತಿತು, ಹೈಕೋರ್ಟು ಒಪ್ಪಲಿಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗಂಡ 25 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಹೊಸ ಮದುಮಗಳು ಗಂಡನಿಂದ ರಸೀದಿ ಬರೆಸಿಕೊಳ್ಳುತ್ತಾಳೆಯೇ, ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಿನ ಪುರಾವೆ ಇಲ್ಲಿ ಬೇಕಿಲ್ಲ ಎನ್ನುವುದು ಆ ತೀರ್ಪಿನ ಧಾಟಿ. ಆದರೂ ಚಿನ್ನದಂಗಡಿಯ ಬಿಲ್ಲು ಮತ್ತು ಮದುವೆ ಆಲ್ಬಂ ಕೈಯಲ್ಲಿದ್ದರೆ ಕೆಲಸ ಸಲೀಸು. ಧಾರೆಯ ಫೋಟೊದಲ್ಲಿ ಕೊರಳಿಗಿರುವ ಲಕ್ಷ್ಮಿ ಹಾರ, ಆರತಕ್ಷತೆಯ ಫೋಟೊದಲ್ಲಿ ಕೈಗಿರುವ ಬಳೆ ಎಂದು ಒಂದೊಂದಾಗಿ ಗುರುತು ಹಾಕಿ, ಪಟ್ಟಿ ಮಾಡಿ ಕೊಡುತ್ತಾರೆ.

ಎರಡನೆಯದು ತಲೆಯ ಮೇಲಿನ ಸೂರು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ಮನೆಯ ಒಡೆತನ ಕೊಡುವುದಿಲ್ಲ, ವಾಸದ ಹಕ್ಕು ಕೊಡುತ್ತದೆ. ಆ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ವಾಸದ ಹಕ್ಕು ಕೇಳಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದದ್ದು ಬೆಂಗಳೂರಿನದೇ ಪ್ರಕರಣ. ಗಂಡ ಕೊಂಡಿದ್ದ ಸ್ವತ್ತು ತಂದೆಯ ಹೆಸರಿಗೆ ಹೋಗಿ, ಅಲ್ಲಿಂದ ದಾನಪತ್ರದ ಮೂಲಕ ತಾಯಿಯ ಹೆಸರಿಗೆ ಬಂದಿತ್ತು. ಆಮೇಲೆ ಅತ್ತೆ ಮಾವ ಹಿರಿಯ ನಾಗರಿಕರ ಕಾಯ್ದೆಯಡಿ ಅರ್ಜಿ ಹಾಕಿ ಸೊಸೆಯನ್ನು ತೆರವು ಮಾಡಿಸುವ ಆದೇಶ ಪಡೆದರು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಹಿರಿಯರ ರಕ್ಷಣೆಯ ಕಾನೂನನ್ನು ಹೆಣ್ಣಿನ ವಾಸದ ಹಕ್ಕು ಕಸಿಯಲು ಬಳಸುವಂತಿಲ್ಲ ಎಂದಿತು. ಕಾನೂನಿನ ದಾರಿ ಹಿಡಿಯಲು ಅವಳಿಗೆ ಒಂದು ವರ್ಷ ಕೊಟ್ಟು, ಅಲ್ಲಿಯವರೆಗೆ ಬಲವಂತವಾಗಿ ಹೊರಹಾಕಬಾರದೆಂದು ತಡೆದಿತು.

ಮೂರನೆಯದು ಶಾಶ್ವತ ಜೀವನಾಂಶ. ಗಂಡನ ಆಸ್ತಿ ಪಾಲಾಗದಿದ್ದರೂ, ಅದರ ಬೆಲೆ ಈ ಮೊತ್ತ ನಿಗದಿಯಾಗುವಾಗ ಲೆಕ್ಕಕ್ಕೆ ಬರುತ್ತದೆ. ಮೊತ್ತ ಬಾರದೆ ಹೋದೀತು ಎನಿಸಿದರೆ ಗಂಡನ ಸ್ಥಿರಾಸ್ತಿಯ ಮೇಲೆ ಅದರ ಭಾರ ಹೊರಿಸುವಂತೆ ಕೇಳಲು ಹಿಂದೂ ವಿವಾಹ ಕಾಯ್ದೆಯ 25ನೇ ಕಲಂನಲ್ಲಿ ಅವಕಾಶವಿದೆ. ಈ ಅವಕಾಶವನ್ನು ಅರ್ಜಿಯಲ್ಲೇ ಕೇಳುವುದನ್ನು ಮರೆಯಬಾರದು.

ರಾಜಿಯಲ್ಲಿ ಮುಗಿದ ಕೇಸುಗಳಲ್ಲಿ ಮನೆ ಹಂಚಿಕೆ ಸಾಧ್ಯ, ಏಕೆಂದರೆ ಅಲ್ಲಿ ಕಾನೂನಿಗಿಂತ ಒಪ್ಪಿಗೆ ದೊಡ್ಡದು. 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದ ಕೊಠಡಿಗಳಲ್ಲಿ ಫ್ಲ್ಯಾಟು ಒಬ್ಬರಿಗೆ, ಬದಲಿಗೆ ಇಷ್ಟು ಹಣ ಇನ್ನೊಬ್ಬರಿಗೆ ಎಂಬಂಥ ಮಾತುಕತೆ ನಡೆಯುತ್ತದೆ. ಆದರೆ ಜಂಟಿ ಗೃಹಸಾಲ ಇದ್ದರೆ ಬ್ಯಾಂಕನ್ನು ಮರೆಯಬಾರದು. ದಂಪತಿಯ ಒಪ್ಪಂದ ಬ್ಯಾಂಕಿಗೆ ಅನ್ವಯಿಸುವುದಿಲ್ಲ; ಸಾಲದಿಂದ ಹೆಸರು ತೆಗೆಸದಿದ್ದರೆ, ಮನೆ ಬಿಟ್ಟುಕೊಟ್ಟವರ ಬಾಗಿಲಿಗೇ ಬಾಕಿ ಕಂತಿನ ನೋಟಿಸು ಬರುತ್ತದೆ. ಹಕ್ಕು ಬಿಡುಗಡೆ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಖಾತೆ ಬದಲಾಗುವವರೆಗೆ ಹಿಂದೆ ಬೀಳಬೇಕು.

ವಿದೇಶದಲ್ಲಿರುವ ಕನ್ನಡಿಗ ದಂಪತಿಗಳಿಗೂ ಒಂದು ಮಾತು. ಇಲ್ಲಿ ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ ಅಲ್ಲಿನ ಕೋರ್ಟಿನಲ್ಲಿ ಒಬ್ಬರೇ ಪಡೆದ ಡಿಕ್ರಿ ಇಲ್ಲಿ ತಾನಾಗಿ ನಿಲ್ಲುವುದಿಲ್ಲ. ನಮ್ಮ ಕಾಯ್ದೆಯಲ್ಲಿರುವ ಕಾರಣದ ಮೇಲೆ, ಇಬ್ಬರೂ ಮನಸಾರೆ ಹಾಜರಾಗಿ ಪಡೆದದ್ದಾಗಿರಬೇಕು ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಮಗುವನ್ನು ಕರೆದುಕೊಂಡು ತವರಿಗೆ ಬಂದ ಪ್ರಕರಣಗಳಲ್ಲಿ ಇಲ್ಲಿನ ಕೋರ್ಟು ಮತ್ತೆ ಮಗುವಿನ ಹಿತವನ್ನೇ ತೂಗಿ ನೋಡುತ್ತದೆ.

ಡಿಕ್ರಿ ಆದ ಕೂಡಲೇ ಮರುಮದುವೆಗೆ ಓಡುವಂತಿಲ್ಲ, ಮೇಲ್ಮನವಿಯ ಅವಧಿ ಕಳೆಯಬೇಕು. ಜೀವನಾಂಶ ಬರುವುದು ನಿಂತರೆ ಸುಮ್ಮನೆ ಕೂರಬಾರದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶಕ್ಕೆಂದು ಇದ್ದ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಅದರಡಿ ಆದೇಶವಾದ ಹಣ ಕೊಡದವರ ಮೇಲೆ ವಾರಂಟ್ ಹೊರಡಿಸಬಹುದು, ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ಆದರೆ ಈ ದಾರಿಯಲ್ಲಿ ವಸೂಲಿಗೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವಕೀಲರಿಗೆ ಕೊಡಲು ಹಣವಿಲ್ಲ ಎಂಬುದು ಇದಕ್ಕೆ ಅಡ್ಡಿಯಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು.